ಆಚೆ ದಡದ ಹಲಗೆ

ಉಳವಯ್ಯ ಕೇಳಿದ: "ಗುರುಗಳೇ, ಎದುರಿನವನು ಕಡಿಮೆ ಕೊಡುತ್ತಿದ್ದಾನೆ ಎಂದು ಗೊತ್ತಾದ ಮೇಲೂ ನಾನು ಪೂರ್ತಿ ಕೊಡಬೇಕೇ?"

ಗುರುಗಳಿಗೆ ಸಂಗತಿ ತಿಳಿದಿತ್ತು. ಮಠದಲ್ಲಿದ್ದ ಹಳೆಯ ವೈದ್ಯಗ್ರಂಥದ ಓಲೆಗರಿಗಳನ್ನು ಅವರೇ ಇಬ್ಬರು ಶಿಷ್ಯರಿಗೆ ಹಂಚಿದ್ದರು. ಮೊದಲರ್ಧವನ್ನು ಉಳವಯ್ಯ ಎರಡೆರಡು ಪ್ರತಿ ಮಾಡಬೇಕು, ಉಳಿದರ್ಧವನ್ನು ಮರುಳಯ್ಯ. ವಾರಕ್ಕೊಮ್ಮೆ ಒಂದೊಂದು ಪ್ರತಿಯನ್ನು ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಪೂರ್ತಿ ಗ್ರಂಥ ಸಿಗುತ್ತದೆ.

"ಅವನು ಕಡಿಮೆ ಕೊಡುತ್ತಿದ್ದಾನೆ ಎಂದು ನಿನಗೆ ಹೇಗೆ ಗೊತ್ತಾಯಿತು?" ಎಂದರು ಗುರುಗಳು.

"ಎಂಟು ಗರಿ ಬರೆಯಬಲ್ಲವನು ಮೂರು ತಂದುಕೊಡುತ್ತಾನೆ. ನೋಡಿದರೆ ತಿಳಿಯುವುದಿಲ್ಲವೇ?" ಎಂದು ಉಳವಯ್ಯ ಕಂಕುಳಲ್ಲಿದ್ದ ಬಟ್ಟೆಯ ಚೀಲವನ್ನು ಇನ್ನಷ್ಟು ಒತ್ತಿಕೊಂಡ.

"ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಹೊಳೆ ಇತ್ತು. ಅದರ ಮೂಡಣ ದಡದಲ್ಲಿ ಒಂದು ನಾಡು, ಪಡುವಣ ದಡದಲ್ಲಿ ಇನ್ನೊಂದು. ದೊರೆಗಳು ಬೇರೆ, ಧ್ವಜಗಳು ಬೇರೆ, ಹೊಳೆ ಮಾತ್ರ ಒಂದೇ. ಹಿಂದಿನವರು ಅದಕ್ಕೆ ಅಡ್ಡಲಾಗಿ ಕಟ್ಟೆ ಹಾಕಿ ಎರಡು ಕಡೆಗೂ ಒಂದೊಂದು ತೂಬು ಇಟ್ಟಿದ್ದರು. ತೂಬಿನ ಹಲಗೆ ಎತ್ತಿದರೆ ನೀರು ಆ ದಡದ ಕಾಲುವೆಗೆ ಇಳಿದು ಗದ್ದೆಗಳಿಗೆ ಹೋಗುತ್ತಿತ್ತು. ತೂಬಿಗೆ ಇಳಿಯದೆ ಮಿಕ್ಕ ನೀರು ಕಟ್ಟೆಯ ತಲೆಯ ಮೇಲೆ ಹಾಯ್ದು, ಕೆಳಗಿನ ಮರಳು ಬಯಲಿಗೆ ಹೋಗಿ ಇಂಗಿಬಿಡುತ್ತಿತ್ತು. ಆ ಬಯಲಿನಲ್ಲಿ ಊರೂ ಇರಲಿಲ್ಲ, ಉಳುವವರೂ ಇರಲಿಲ್ಲ.

ನೀರಿನ ವಿಷಯದಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ ಎಂಬುದು ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಒಂದು ಕಟ್ಟುಪಾಡು ಮಾಡಿದರು. ತೂಬು ಕಾಯುವವನಿಗೆ ನೀರುಗಂಟಿ ಎನ್ನುತ್ತಾರಲ್ಲ, ಮೂಡಣ ನಾಡಿನ ನೀರುಗಂಟಿ ಪಡುವಣ ನಾಡಿನ ತೂಬಿನ ಮೇಲೆ ಕೂರಬೇಕು. ಪಡುವಣದವನು ಮೂಡಣದ ತೂಬಿನ ಮೇಲೆ. ತಮ್ಮ ತೂಬಿನ ಹಲಗೆಯನ್ನು ತಮ್ಮವರು ಯಾರೂ ಮುಟ್ಟಬಾರದು. ಪ್ರತಿ ನಾಡಿನ ನೀರೂ ಎದುರಿನ ನಾಡಿನವನ ಕೈಯಲ್ಲಿ.

ಅಳತೆಗೆ ಇಬ್ಬರ ಹತ್ತಿರವೂ ಒಂದೊಂದು ತಾಮ್ರದ ಗಳಿಗೆ ಬಟ್ಟಲು. ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತು. ಬಾನಿಯ ನೀರಿನ ಮೇಲೆ ಅದನ್ನು ತೇಲಿಬಿಟ್ಟರೆ ತೂತಿನಿಂದ ನೀರು ಏರಿ, ತುಂಬಿ, ಮುಳುಗುತ್ತದೆ. ಅದು ಒಂದು ಬಟ್ಟಲು. ಹೊತ್ತು ಹುಟ್ಟುತ್ತಲೇ ಇಬ್ಬರೂ ಒಟ್ಟಿಗೆ ಹಲಗೆ ಎತ್ತುತ್ತಿದ್ದರು. ಇಪ್ಪತ್ತು ಬಟ್ಟಲು ಮುಳುಗಿದ ಮೇಲೆ ಇಬ್ಬರೂ ಒಟ್ಟಿಗೆ ಹಲಗೆ ಬಿಟ್ಟು ತೂಬು ಮುಚ್ಚುತ್ತಿದ್ದರು. ಎರಡು ದಡದಲ್ಲೂ ಹಲಗೆ ಬೀಳುವ ಸದ್ದು ಒಂದೇ ಬಾರಿಗೆ ಕೇಳುತ್ತಿತ್ತು.

ಇನ್ನೊಂದು ಕಟ್ಟುಪಾಡೂ ಇತ್ತು. ಯಾವ ನಾಡಿಗೆ ನೀರು ಬಿಡುತ್ತಾನೋ ಆ ನಾಡಿನವರೇ ನೀರುಗಂಟಿಗೆ ಮಧ್ಯಾಹ್ನದ ಊಟ ಹಾಕಬೇಕು. ಮನೆಮನೆಗೆ ಸರದಿ. ಅನ್ನ, ತೊವ್ವೆ, ತುಪ್ಪ, ಮೊಸರು, ಇದರಲ್ಲಿ ಒಂದು ಕಡಿಮೆಯಾದರೂ ಆ ನಾಡಿನ ಮಾನ ಹೋಯಿತೆಂದು ಲೆಕ್ಕ.

ಅರವತ್ತು ವರ್ಷ ಇದು ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಇಬ್ಬರು ನೀರುಗಂಟಿಗಳೂ ಹರಿಗೋಲಿನಲ್ಲಿ ದಡ ಬದಲಿಸುವಾಗ ನಡುಹೊಳೆಯಲ್ಲಿ ಎದುರಾಗುತ್ತಿದ್ದರು. ಇವನು ಎಲೆ ಕೊಟ್ಟರೆ ಅವನು ಅಡಿಕೆ ಕೊಡುತ್ತಿದ್ದ. ಬಾಯಿ ಕೆಂಪು ಮಾಡಿಕೊಂಡು ಒಬ್ಬರ ನಾಡಿಗೆ ಇನ್ನೊಬ್ಬರು ಹೋಗುತ್ತಿದ್ದರು.

ನಾನು ಹೇಳುತ್ತಿರುವುದು ಮೂಡಣದ ನೀರುಗಂಟಿಯ ಕತೆ. ಅವನು ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಅವನನ್ನು ಬೈದು ಸುಮ್ಮನಾಗಿಬಿಡುತ್ತೀಯ.

ಒಂದು ವರ್ಷ ಮಳೆ ಕೈಕೊಟ್ಟಿತು. ನಾಟಿ ಮುಗಿದು ಪೈರು ನಿಂತಿದೆ, ಹೊಳೆ ಸೊರಗಿದೆ. ಎರಡು ನಾಡಿನ ಹಿರಿಯರೂ ಕೂತು ಮಾತಾಡಿ, ದಿನಕ್ಕೆ ಹನ್ನೆರಡು ಬಟ್ಟಲು ಸಾಕು ಎಂದು ಗೊತ್ತುಮಾಡಿದರು. ಲೆಕ್ಕ ಸರಿಯಾಗಿತ್ತು. ಎರಡು ಕಡೆಗೂ ಹನ್ನೆರಡು ಬಿಟ್ಟರೆ ಕಟ್ಟೆಯ ಮೇಲೆ ಒಂದು ಹನಿಯೂ ಹಾಯುವುದಿಲ್ಲ. ಹೊಳೆಯೆಲ್ಲ ಗದ್ದೆಗೇ ಸೇರುತ್ತದೆ, ತೆನೆ ಬರುವವರೆಗೆ ಹೇಗೋ ಸಾಗುತ್ತದೆ.

ತುಂಬಿದ ಹೊಳೆಯಲ್ಲಿ ಎದುರಿನವನ ಪಾಲು ಎಷ್ಟು ಎಂದು ಯಾರೂ ನೋಡುವುದಿಲ್ಲ. ಸೊರಗಿದ ಹೊಳೆಯಲ್ಲಿ ನೋಡುವುದು ಅದೊಂದನ್ನೇ. ಮೂಡಣದ ನೀರುಗಂಟಿ ಪಡುವಣದ ತೂಬಿನ ಮೇಲೆ ಕೂತಿದ್ದಾನೆ. ಅವನ ಕಾಲ ಕೆಳಗೆ ಪಡುವಣದವರ ನೀರು ಗುಳುಗುಳು ಎಂದು ಸದ್ದು ಮಾಡಿಕೊಂಡು ಹರಿಯುತ್ತಿದೆ. ತನ್ನ ನಾಡಿನ ನೀರು ಆಚೆ ದಡದಲ್ಲಿದೆ, ಅದರ ಸದ್ದು ಇಲ್ಲಿಗೆ ಕೇಳುವುದಿಲ್ಲ. ಇವರ ನೀರು ಎಷ್ಟೊಂದು ಹರಿಯುತ್ತಿದೆ ಎಂದುಕೊಂಡ. ನಮ್ಮ ಕಡೆ ಇಷ್ಟು ಹರಿಯುವುದನ್ನು ನಾನು ಒಂದು ದಿನವೂ ಕೇಳಿಲ್ಲವಲ್ಲ ಎಂದುಕೊಂಡ. ಕೇಳುವುದಾದರೂ ಹೇಗೆ, ಅವನು ಕೂತಿದ್ದದ್ದು ಈಚೆ. ಆದರೆ ಹೊಟ್ಟೆಯಲ್ಲಿ ಒಂದು ಕಿಡಿ ಬಿದ್ದ ಮೇಲೆ ಬುದ್ಧಿ ಅಷ್ಟು ದೂರ ನಡೆಯುವುದಿಲ್ಲ.

ಆ ಮಧ್ಯಾಹ್ನ ಒಬ್ಬ ಮುದುಕಿ ಅವನಿಗೆ ಊಟ ತಂದಳು. ಎಲೆ ಹಾಸಿ ಬಡಿಸಿದಳು. ಸಣ್ಣಕ್ಕಿ ಅನ್ನ, ಮೇಲೆ ತುಪ್ಪ.

"ಏನಮ್ಮ, ಇಂಥ ಕಾಲದಲ್ಲೂ ತುಪ್ಪ ಹಾಕ್ತೀರಲ್ಲ?" ಎಂದ.

"ನಮ್ಮ ಕಡೆ ಏನೂ ಕಡಿಮೆ ಇಲ್ಲಪ್ಪ. ಉಣ್ಣು ನೀನು" ಎಂದಳು ಮುದುಕಿ.

ಅವನ ಮನೆಯಲ್ಲಿ ಹದಿನೈದು ದಿನದಿಂದ ಬರೀ ಅಂಬಲಿ. ಹಿಂದಿನ ರಾತ್ರಿ ಅವನ ಸಣ್ಣ ಮಗಳು ಅನ್ನ ಬೇಕೆಂದು ಅತ್ತು ಮಲಗಿದ್ದಳು. ಇವರಿಗೆ ಏನೂ ಕಡಿಮೆ ಇಲ್ಲವಂತೆ. ಕಡಿಮೆ ಯಾಕಾಗುತ್ತದೆ, ನಾನು ಇಲ್ಲಿ ಕೂತು ಕೈಯಾರೆ ಬಿಡುತ್ತಿದ್ದೇನಲ್ಲ ಎಂದುಕೊಂಡ. ತುಪ್ಪದ ಕೈಯನ್ನು ನೆಕ್ಕಲೂ ಇಲ್ಲ, ತೊಳೆದುಬಿಟ್ಟ.

ಅದಾದ ನಾಲ್ಕನೆಯ ದಿನ ಆಚೆ ದಡದ ಹಲಗೆ ಮೊದಲು ಬಿತ್ತು. ಇವನ ಬಟ್ಟಲು ಹನ್ನೆರಡನೆಯ ಸಲ ಇನ್ನೂ ಅರ್ಧವಷ್ಟೇ ಮುಳುಗಿತ್ತು, ಅಷ್ಟರಲ್ಲಿ ಆಚೆಯಿಂದ ಧಡ್ ಎಂಬ ಸದ್ದು ಕೇಳಿತು. ಇವನ ಬಟ್ಟಲಿನ ತೂತಿಗೆ ಪಾಚಿ ಸಿಕ್ಕಿ ಅದು ನಿಧಾನವಾಗಿತ್ತೋ, ಆಚೆಯವನು ಬೇಕೆಂದೇ ಬೇಗ ಬಿಟ್ಟಿದ್ದನೋ, ಯಾರಿಗೆ ಗೊತ್ತು? ತನ್ನ ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಬಹುದಿತ್ತು. ಅವನು ನೋಡಿದ್ದು ಆಚೆ ದಡವನ್ನು.

'ಸರಿ ಹಾಗಾದರೆ' ಎಂದುಕೊಂಡ.

ಮರುದಿನ ಬರುವಾಗ ಗೋಣಿ ಹೊಲಿಯುವ ದಬ್ಬಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದ. ಬಟ್ಟಲಿನ ತೂತಿಗೆ ಅದನ್ನಿಟ್ಟು ಒಂದೇ ಒಂದು ಸುತ್ತು ತಿರುಗಿಸಿದ. ಬಟ್ಟಲು ಚೂರು ಬೇಗ ಮುಳುಗಿತು, ಪಡುವಣಕ್ಕೆ ಅಷ್ಟು ನೀರು ಕಡಿಮೆಯಾಯಿತು. ಅಂದು ಇವನ ಹಲಗೆ ಮೊದಲು ಬಿತ್ತು. ಎಷ್ಟೋ ದಿನಗಳ ಮೇಲೆ ಅವನಿಗೆ ಹಾಯೆನಿಸಿತು.

ಮೂರು ದಿನ ಕಳೆಯಿತು. ಆಚೆಯ ಹಲಗೆ ಇವನದಕ್ಕಿಂತ ಮುಂಚೆ ಬಿತ್ತು. ಇವನು ಇನ್ನೊಂದು ಸುತ್ತು ತಿರುಗಿಸಿದ. ಅವನೂ ಅಲ್ಲಿ ಏನೋ ಮಾಡಿದ. ನಡುಹೊಳೆಯಲ್ಲಿ ಹರಿಗೋಲುಗಳು ಎದುರಾದಾಗ ಎಲೆಯೂ ಹೊರಗೆ ಬರಲಿಲ್ಲ, ಅಡಿಕೆಯೂ ಬರಲಿಲ್ಲ. ಒಬ್ಬ ಹುಟ್ಟನ್ನು ನೋಡಿದ, ಇನ್ನೊಬ್ಬ ನೀರನ್ನು ನೋಡಿದ.

ಹಲಗೆಗಳು ಬೇಗ ಬಿದ್ದಷ್ಟೂ ನೀರು ಕಟ್ಟೆಯ ಹಿಂದೆ ನಿಂತು, ಏರಿ, ಕಟ್ಟೆಯ ತಲೆಯ ಮೇಲೆ ಹಾಯತೊಡಗಿತು. ಅಂಥ ಬರದಲ್ಲಿ ಹೊಳೆ ಮರಳಿಗೆ ಇಳಿಯುತ್ತಿರುವುದನ್ನು ಇಬ್ಬರೂ ಕಣ್ಣಾರೆ ಕಂಡರು. ಮೂಡಣದವನು ಹಲ್ಲು ಕಚ್ಚಿ, 'ನೋಡು, ನಮಗೆ ಸೇರಬೇಕಾದ ನೀರನ್ನು ಹೇಗೆ ಹಾಳುಮಾಡುತ್ತಿದ್ದಾನೆ' ಎಂದುಕೊಂಡ. ಪಡುವಣದವನೂ ಅದನ್ನೇ ಅಂದುಕೊಂಡಿರಬೇಕು. ಆ ನೀರಿನಲ್ಲಿ ಅರ್ಧ ತನ್ನ ಕೈಯಿಂದ ಹೋದದ್ದು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮೂಡಣ ನಾಡಿನ ಮಂತ್ರಿಯ ಕಿವಿಗೆ ಸುದ್ದಿ ಬಿತ್ತು. ನೀರುಗಂಟಿಗೆ ಕರೆ ಬಂತು. ತನ್ನ ಕೆಲಸ ಹೋಯಿತೆಂದೇ ಅಂದುಕೊಂಡು ಅವನು ಹೋದ. ಮಂತ್ರಿ ಅವನನ್ನು ಹತ್ತಿರ ಕೂರಿಸಿಕೊಂಡ.

"ಪಡುವಣದವರಿಗೆ ನೀರು ಕಡಿಮೆಯಾಗಿದೆಯಂತೆ, ನಿಜವೇನಯ್ಯ?"

"ನಿಜ ಬುದ್ಧಿ. ನಮಗೂ ಕಡಿಮೆಯಾಗಿದೆ."

"ಅದು ಗೊತ್ತು. ಅವರಿಗೆ ನಮಗಿಂತ ಕಡಿಮೆ ತಾನೆ?"

ನೀರುಗಂಟಿ ಯೋಚಿಸಿ, "ಒಂದು ಚೂರು ಕಡಿಮೆಯೇ ಇರಬಹುದು ಬುದ್ಧಿ" ಎಂದ.

ಮಂತ್ರಿ ಎದ್ದು ಅವನ ಹೆಗಲಿಗೆ ಶಾಲು ಹೊದಿಸಿದ. ಇಂಥವನೊಬ್ಬ ಇದ್ದರೆ ನಾಡು ಉಳಿಯುತ್ತದೆ ಎಂದು ಸಭೆಯಲ್ಲಿ ಸಾರಿದ. ಜನ ಚಪ್ಪಾಳೆ ತಟ್ಟಿದರು. ಅವರ ಗದ್ದೆಗಳು ಬಿರುಕುಬಿಡತೊಡಗಿದ್ದವು, ಆದರೂ ತಟ್ಟಿದರು. ಎದುರಿನವನ ಗದ್ದೆ ಇನ್ನೂ ದೊಡ್ಡದಾಗಿ ಬಿರಿದಿದೆ ಎಂದು ಕೇಳಿದರೆ ಬರುವ ಸುಖ ಎಂಥದು ಎಂಬುದು ನಿನಗೂ ಗೊತ್ತಿಲ್ಲದ್ದೇನಲ್ಲ. ಅದೇ ಶಾಲಿನಂಥ ಶಾಲು ಪಡುವಣದ ನೀರುಗಂಟಿಗೂ ಸಿಕ್ಕಿತೆಂದು ಆಮೇಲೆ ತಿಳಿಯಿತು.

ಶಾಲು ಹೊದ್ದು ಬಂದವನು ದಬ್ಬಳವನ್ನು ಇನ್ನೂ ಎರಡು ಸುತ್ತು ತಿರುಗಿಸಿದ. ಈಗ ಅದು ಹೊಟ್ಟೆಕಿಚ್ಚು ಎಂದು ಅವನಿಗೆ ಅನಿಸಲೇ ಇಲ್ಲ. ನಾಡಿನ ಕೆಲಸ ಎಂದು ಹೆಸರಾಗಿತ್ತು. ಆದರೂ ಮಧ್ಯಾಹ್ನ ಎಲೆಯ ಮುಂದೆ ಕೂತಾಗ ಹೊಟ್ಟೆ ಉರಿಯುತ್ತಿತ್ತು. ಇಷ್ಟು ಕಡಿಮೆ ಬಿಟ್ಟರೂ ಇವರ ಎಲೆಯಲ್ಲಿ ಅದೇ ಅನ್ನ, ಅದೇ ತುಪ್ಪ. ಇವರು ಎಲ್ಲಿಂದಲೋ ಕದಿಯುತ್ತಿದ್ದಾರೆ, ಇಲ್ಲದಿದ್ದರೆ ಸಾಧ್ಯವೇ ಇಲ್ಲ ಎಂದುಕೊಂಡ.

ಪೈರು ಹೊಡೆಯಾಯಿತು. ತೆನೆ ಎಲೆಯೊಳಗೆ ಅಡಗಿ ಹೊರಗೆ ಬರಲು ಕಾದಿರುತ್ತದಲ್ಲ, ಆ ಹೊತ್ತು. ಆಗ ನೀರು ತಪ್ಪಿದರೆ ಕಾಳು ಕಟ್ಟುವುದಿಲ್ಲ, ತೆನೆಯೆಲ್ಲ ಜಳ್ಳು. ದೂರದಿಂದ ಹಸಿರಾಗಿಯೇ ಕಾಣುತ್ತದೆ. ಹಿಚುಕಿ ನೋಡಿದರೆ ಒಳಗೆ ಏನೂ ಇರುವುದಿಲ್ಲ.

ಆ ವಾರದಲ್ಲೇ ಮೂಡಣದ ನೀರುಗಂಟಿಯ ಮನೆಗೆ ಸರದಿ ಬಂತು. ಪಡುವಣದ ನೀರುಗಂಟಿಗೆ ಅಂದು ಇವನ ಮನೆಯಿಂದಲೇ ಊಟ ಹೋಗಬೇಕು. ಬೆಳಿಗ್ಗೆ ಹೊರಡುವ ಮುಂಚೆ ಅವನು ಅಡಿಗೆಮನೆಗೆ ಇಣುಕಿದ. ಹೆಂಡತಿ ಅಕ್ಕಿಯ ಮಡಕೆಯನ್ನು ಬೋರಲು ಹಾಕಿ ತಳ ಬಡಿಯುತ್ತಿದ್ದಳು. ಪಕ್ಕದಲ್ಲಿ ಒಂದು ಸೌಟಿನಷ್ಟು ತುಪ್ಪ. ಅದಕ್ಕಾಗಿ ಅವಳು ಕಾಲಿನ ಉಂಗುರ ಕೊಟ್ಟು ಬಂದಿದ್ದಳು.

ಅವನ ಮೈ ಉರಿದುಹೋಯಿತು. "ಅವನಿಗ್ಯಾಕೆ ಇಷ್ಟು? ನಮ್ಮ ಮಗುವಿಗೆ ಒಂದು ತುತ್ತು ಅನ್ನ ಇಲ್ಲ. ಅಂಬಲಿ ಕೊಡು ಅವನಿಗೂ. ಕುಡೀಲಿ."

"ಅಂಬಲಿ ಕೊಟ್ಟರೆ ನಮ್ಮ ಹತ್ತಿರ ಇಲ್ಲ ಅಂತ ಗೊತ್ತಾಗಲ್ವಾ?" ಎಂದಳು ಹೆಂಡತಿ. "ಹೋದ ಸರದೀಲಿ ಅವನೇ ಕೇಳಿದ, ಏನಕ್ಕ, ಇಂಥ ಕಾಲದಲ್ಲೂ ತುಪ್ಪ ಹಾಕ್ತೀರಲ್ಲ ಅಂತ."

"ನೀನೇನಂದೆ?"

"ಏನಂತೀನಿ? ನಮ್ಮ ಕಡೆ ಏನೂ ಕಡಿಮೆ ಇಲ್ಲಪ್ಪ, ಉಣ್ಣು ನೀನು ಅಂದೆ."

ನೀರುಗಂಟಿ ಬಾಗಿಲ ಚೌಕಟ್ಟು ಹಿಡಿದು ನಿಂತ. ಆ ಮಾತನ್ನು ಅವನು ಕೇಳಿದ್ದ. ಅದೇ ಮಾತು, ಅದೇ ಧಾಟಿ. ಮುದುಕಿಯ ಮುಖ ನೆನಪಿಗೆ ಬಂತು. ಅವಳ ಕಾಲಿನಲ್ಲಿ ಉಂಗುರ ಇತ್ತೇ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಅವನು ಅವಳ ಕಾಲನ್ನು ನೋಡಿಯೇ ಇರಲಿಲ್ಲ. ಎಲೆಯನ್ನು ಮಾತ್ರ ನೋಡಿದ್ದ.

ಹೆಂಡತಿಗೆ ಏನೂ ಹೇಳದೆ ಹಿತ್ತಲಿಗೆ ಹೋಗಿ, ಮಣೆಯ ಕಾಲಿಗೆ ಹಾಕಲು ಇಟ್ಟಿದ್ದ ಅರಗಿನಲ್ಲಿ ಒಂದು ಉಂಡೆ ಮುರಿದು ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡ. ಅರಗನ್ನು ಬಿಸಿಮಾಡಿ ತೂತಿಗೆ ಮೆತ್ತಿ, ಮತ್ತೆ ಸೂಜಿಮೊನೆಯಷ್ಟು ಬಿಟ್ಟರೆ ಬಟ್ಟಲು ಮೊದಲಿನಂತಾಗುತ್ತದೆ. ಅರೆಗಳಿಗೆಯ ಕೆಲಸ.

ತೂಬಿನ ಮೇಲೆ ಕೂತು ಉಂಡೆಯನ್ನು ಕೈಗೆ ತೆಗೆದುಕೊಂಡ. ಬೆಂಕಿಯೂ ಇತ್ತು. ಆಗ ಅಭ್ಯಾಸಬಲದಿಂದ ತಲೆ ಎತ್ತಿ ಆಚೆ ದಡ ನೋಡಿದ. ಪಡುವಣದವನು ಅಲ್ಲಿ ಕೂತು ಇವನನ್ನೇ ನೋಡುತ್ತಿದ್ದ.

ನಾನು ಇಂದು ಪೂರ್ತಿ ಬಿಟ್ಟು, ಅವನು ಕಡಿಮೆಯೇ ಬಿಟ್ಟರೆ? ನಮ್ಮ ಗದ್ದೆ ಒಣಗಿ ಅವರದು ಮಾತ್ರ ತೆನೆ ಬಿಟ್ಟರೆ? ಹೆಗಲ ಮೇಲಿನ ಶಾಲಿಗೆ ಏನು ಬೆಲೆ? ಅವನೇ ಮೊದಲು ಒಂದು ಬಟ್ಟಲು ಹೆಚ್ಚು ಬಿಡಲಿ, ಕೂಡಲೇ ನಾನೂ ಮೆತ್ತುತ್ತೇನೆ ಎಂದುಕೊಂಡ. ಉಂಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಿವಿ ನಿಮಿರಿಸಿ ಕಾದ. ಆಚೆಯ ಹಲಗೆ ಎಂದಿನ ಹೊತ್ತಿಗೇ ಬಿತ್ತು. 'ನೋಡಿದೆಯಾ' ಎಂದು ತನಗೆ ತಾನೇ ಹೇಳಿಕೊಂಡು ತನ್ನ ಹಲಗೆಯನ್ನೂ ಬಿಟ್ಟ.

ಮರುದಿನವೂ ಕಾದ. ಅದರ ಮರುದಿನವೂ ಕಾದ. ಬೇಕೆಂದು ಕೆಡುಕು ಮಾಡುವುದನ್ನು ಅವನು ಬಿಟ್ಟಿದ್ದ, ದಬ್ಬಳವನ್ನು ಹೊಳೆಗೆ ಎಸೆದಿದ್ದ. ಇನ್ನು ಉಳಿದಿದ್ದದ್ದು ಮೊದಲು ಮೆತ್ತುವ ಕೆಲಸ. ಅದನ್ನು ಆಚೆಯವನಿಗೆ ಬಿಟ್ಟು ಕೂತ. ಸರದಿಯ ಮನೆಯವರು ತಂದ ಊಟವನ್ನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಈಗ ಬಡಿಸುವವಳ ಕಾಲನ್ನು ನೋಡಲು ಅವನಿಗೆ ಧೈರ್ಯವಿರಲಿಲ್ಲ.

ಹೊಡೆ ಬಿಚ್ಚಿತು. ಎರಡು ದಡದಲ್ಲೂ ತೆನೆಗಳು ನೆಟ್ಟಗೆ ನಿಂತವು. ಕಾಳಿದ್ದರೆ ತಾನೆ ಬಾಗುವುದು.

ಸುಗ್ಗಿಯ ದಿನ ಎರಡು ನಾಡಿನವರೂ ಕಟ್ಟೆಯ ಮೇಲೆ ಸೇರಿ ಬಟ್ಟಲುಗಳನ್ನು ಪರೀಕ್ಷಿಸುವ ವಾಡಿಕೆ. ಆ ವರ್ಷ ಸುಗ್ಗಿ ಇರಲಿಲ್ಲ, ಆದರೂ ಸೇರಿದರು. ಹಿಂದಿನವರು ಪೆಟ್ಟಿಗೆಯಲ್ಲಿಟ್ಟು ಹೋದ ಮೂಲ ಬಟ್ಟಲನ್ನು ಬಾನಿಗೆ ಬಿಟ್ಟರು, ಅದರ ಆಚೆಗೊಂದು ಈಚೆಗೊಂದು ನೀರುಗಂಟಿಗಳ ಬಟ್ಟಲು ಬಿಟ್ಟರು. ಮೂಲ ಬಟ್ಟಲು ಇನ್ನೂ ಕಾಲುಭಾಗ ತುಂಬಿರಲಿಲ್ಲ, ಇವೆರಡೂ ಮುಳುಗಿ ತಳ ಸೇರಿದವು. ಒಂದು ಮುಂದೆಯಲ್ಲ, ಒಂದು ಹಿಂದೆಯಲ್ಲ.

ಗಲಾಟೆ ಎದ್ದಿತು. ಕಳ್ಳ ನಿಮ್ಮವನು ಎಂದು ಇವರು, ನಿಮ್ಮವನು ಎಂದು ಅವರು. ಬಟ್ಟಲಿಗೆ ಕಲ್ಲು ಗಿಲ್ಲು ಹಾಕುತ್ತಿದ್ದರೋ ಏನೋ, ಸೊಂಟದ ಬಟ್ಟೆ ಬಿಚ್ಚಿಸಿ ನೋಡಿ ಎಂದರು ಯಾರೋ. ಬಿಚ್ಚಿಸಿದರು. ಮೂಡಣದವನ ಸೊಂಟದಿಂದ ಒಂದು ಅರಗಿನ ಉಂಡೆ ಉರುಳಿತು. ಪಡುವಣದವನ ಸೊಂಟದಿಂದಲೂ ಒಂದು ಉರುಳಿತು. ಎರಡೂ ಕೈಯಲ್ಲಿ ಹಿಸುಕಿ ಹಿಸುಕಿ ಕಪ್ಪಾಗಿದ್ದವು.

"ಏನಿದು?" ಎಂದು ಹಿರಿಯನೊಬ್ಬ ಕೇಳಿದ.

"ತೂತು ಮುಚ್ಚೋಣ ಅಂತ ಇಟ್ಟುಕೊಂಡಿದ್ದೆ" ಎಂದ ಮೂಡಣದ ನೀರುಗಂಟಿ.

"ಯಾವಾಗಿನಿಂದ?"

ಅವನು ಬಾಯಿ ತೆರೆಯುವ ಮೊದಲೇ ಪಡುವಣದವನು, ಯಾರೂ ತನ್ನನ್ನು ಕೇಳದಿದ್ದರೂ, "ನಮ್ಮ ಮನೆಗೆ ಊಟದ ಸರದಿ ಬಂದಾಗಿನಿಂದ" ಎಂದ.

ಮೂಡಣದವನು ಅವನ ಮುಖ ನೋಡಿದ. ಬಹಳ ದಿನಗಳ ಮೇಲೆ ಹತ್ತಿರದಿಂದ ನೋಡಿದ. ಕೆನ್ನೆ ಒಳಕ್ಕೆ ಹೋಗಿತ್ತು. ಇವನ ಕೆನ್ನೆಯೂ ಹಾಗೆಯೇ ಇತ್ತು. ಇಬ್ಬರ ಹಿಂದೆಯೂ ಹೊಳೆ ಕಟ್ಟೆಯ ಮೇಲೆ ಹಾಯ್ದು ಮರಳಿಗೆ ಇಳಿಯುತ್ತಿತ್ತು. ಆ ವರ್ಷ ಮರಳು ಬಯಲು ಒಂದೇ ಹೊಟ್ಟೆ ತುಂಬ ಕುಡಿಯಿತು.

ಗುರುಗಳು ಕತೆ ನಿಲ್ಲಿಸಿದರು. ಉಳವಯ್ಯನಿಗೆ ಸಮಾಧಾನವಾಗಲಿಲ್ಲ. ಚೀಲವನ್ನು ಕಂಕುಳಿನಿಂದ ಮಡಿಲಿಗೆ ಇಳಿಸಿಕೊಂಡು, ಅದರ ಮೇಲೆ ಎರಡು ಕೈಗಳನ್ನೂ ಇಟ್ಟು ಕೇಳಿದ: "ಅದೆಲ್ಲ ಸರಿ ಗುರುಗಳೇ, ಮೊದಲು ತೂತು ದೊಡ್ಡದು ಮಾಡಿದವನು ಯಾರು? ಅದನ್ನು ನೀವು ಹೇಳಲೇ ಇಲ್ಲ."

"ನಿನ್ನೆ ಮರುಳಯ್ಯನೂ ಬಂದು ಇದನ್ನೇ ಕೇಳಿದ, ಅವನ ಚೀಲದಲ್ಲೂ ಕೊಡದೆ ಉಳಿಸಿಕೊಂಡ ಗರಿಗಳು ಹೀಗೆಯೇ ತುಂಬಿದ್ದವು" ಎಂದರು ಗುರುಗಳು.